ರಾನಕ್‌ನ ಗೊಡ್ಡು ಜಿಂಕೆ

ಗ್ಲಾಸ್ಗೋದಿಂದ ಹೊರಟ ರೈಲು ಲಾಕ್ ಲೋಮಂಡ್ ಸರೋವರದ ದಂಡೆಯನ್ನು ಬಿಟ್ಟು ಮೇಲೇರುತ್ತ ಹೋದಂತೆ ಮರಗಳು ವಿರಳವಾಗುತ್ತವೆ; ರಾನಕ್ ನಿಲ್ದಾಣ ತಲುಪುವ ಹೊತ್ತಿಗೆ ಕಣ್ಣಿಗೆ ಬೀಳುವುದು ಕಂದುಬಣ್ಣದ ಜೌಗು ಬಯಲು, ನೀರಿನ ಹೊಂಡಗಳು ಮತ್ತು ಆಕಾಶ. ಪೂರ್ವದಿಂದ ಬರುವ ರಸ್ತೆ ಈ ನಿಲ್ದಾಣದ ಬಳಿ ಮುಗಿದುಹೋಗುತ್ತದೆ. ನವೆಂಬರ್ ತಿಂಗಳಲ್ಲಿ ನಾನು ಅಲ್ಲಿ ಇಳಿದದ್ದು ಬೇಟೆಯಾಡಲಿಕ್ಕಲ್ಲ, ನೋಡಲಿಕ್ಕೆ. ಮರಿಯಿರಬಹುದಾದ ತಾಯಿಜಿಂಕೆಯನ್ನು ಹೊಡೆಯುವುದೇ ಉದ್ಯೋಗವಾಗಿರುವವರು ಆ ಕೆಲಸವನ್ನು ತಮ್ಮ ಮನಸ್ಸಿಗೆ ಹೇಗೆ ಒಪ್ಪಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿತ್ತು.

ನನ್ನನ್ನು ಗುಡ್ಡಕ್ಕೆ ಕರೆದೊಯ್ಯಲು ಒಪ್ಪಿದ ಬೇಟೆಗಾರರು ಮೂವತ್ತು ವರ್ಷಗಳಿಂದ ಇದೇ ಕೆಲಸದಲ್ಲಿರುವವರು. ದುಡ್ಡು ಕೊಟ್ಟು ಬರುವ ಅತಿಥಿಗಳಿಗೆ ಬೇಕಾಗಿರುವುದು ಕೊಂಬಿರುವ ಗಂಡು. ಅವರೆಲ್ಲ ಬೆದೆಯ ಕಾಲ ಮುಗಿಯುತ್ತಲೇ ಊರಿಗೆ ಹಿಂತಿರುಗುತ್ತಾರೆ. ಸ್ಕಾಟ್ಲೆಂಡಿನಲ್ಲಿ ಹೆಣ್ಣು ಕೆಂಪು ಜಿಂಕೆಯ ಬೇಟೆಗೆ ಅನುಮತಿಯಿರುವುದು ಅಕ್ಟೋಬರ್ 21ರಿಂದ ಫೆಬ್ರುವರಿ 15ರವರೆಗೆ, ಎಂದರೆ ಮಳೆ, ಹಿಮ ಮತ್ತು ಕಿರಿದಾದ ಹಗಲಿನ ದಿನಗಳಲ್ಲಿ. ಆದ್ದರಿಂದ ಮನಸ್ಸಿಗೆ ಭಾರವಾಗುವ ಕೆಲಸವೆಲ್ಲ ಸಂಬಳದವರ ಪಾಲಿಗೆ ಬರುತ್ತದೆ. ಈ ಹಂಚಿಕೆಯ ಬಗ್ಗೆ ಅವರು ದೂರಲಿಲ್ಲ. ನನಗೆ ಮಾತ್ರ ಅದು ಚುಚ್ಚಿತು.

ಹೆಣ್ಣನ್ನೇ ಏಕೆ ಹೊಡೆಯಬೇಕು ಎಂದು ಕೇಳಿದಾಗ ಅವರು ಬೇಲಿಯೊಂದನ್ನು ತೋರಿಸಿದರು. ಬೇಲಿಯ ಒಳಗೆ ಆಳೆತ್ತರದ ಪೈನ್ ಮತ್ತು ಬರ್ಚ್ ಗಿಡಗಳಿದ್ದವು. ಹೊರಗೆ ಮೊಣಕಾಲೆತ್ತರ ಮೀರಿದ ಒಂದು ಸಸಿಯೂ ಇರಲಿಲ್ಲ. ಜಿಂಕೆಯನ್ನು ತಿನ್ನುತ್ತಿದ್ದ ತೋಳಗಳು ಈ ನೆಲದಿಂದ ಮರೆಯಾಗಿ ಶತಮಾನಗಳೇ ಕಳೆದಿವೆ. ಒಂದು ಗಂಡು ಹಲವು ಹೆಣ್ಣುಗಳ ಹಿಂಡನ್ನು ಕೂಡುವುದರಿಂದ ಗಂಡುಗಳನ್ನು ಎಷ್ಟು ಹೊಡೆದರೂ ಮುಂದಿನ ವರ್ಷದ ಮರಿಗಳ ಸಂಖ್ಯೆ ಹೆಚ್ಚೇನೂ ತಗ್ಗುವುದಿಲ್ಲ. ಹಿಂಡು ಮೇವಿಗೆ ಮೀರಿ ಬೆಳೆದರೆ ಚಳಿಗಾಲದ ಕೊನೆಯಲ್ಲಿ ಹಸಿವಿನಿಂದ ಮೊದಲು ಸಾಯುವವು ಮರಿಗಳೇ. ಈ ಲೆಕ್ಕವನ್ನು ನಾನು ಒಪ್ಪಿದೆ, ಈಗಲೂ ಒಪ್ಪುತ್ತೇನೆ. ಆದರೆ ಎಷ್ಟು ಹೆಣ್ಣುಗಳನ್ನು ಹೊಡೆಯಬೇಕೆಂಬುದನ್ನು ಲೆಕ್ಕ ಹೇಳೀತು. ಎದುರಿಗೆ ನಿಂತಿರುವ ಇದನ್ನೇ ಹೊಡೆಯಬಹುದೇ ಎಂಬುದನ್ನು ಹೇಳಲಾರದು.

ಕಾನೂನಿನ ದಿನಾಂಕಗಳೂ ಅದನ್ನು ಹೇಳುವುದಿಲ್ಲ. ಬೆದೆ ಅಕ್ಟೋಬರಿನಲ್ಲಿ, ಗಬ್ಬ ಸುಮಾರು ಎಂಟು ತಿಂಗಳು, ಈಯುವುದು ಮೇ ಕೊನೆ ಅಥವಾ ಜೂನ್. ಹೀಗಾಗಿ ನವೆಂಬರಿನ ತಾಯಿಯ ಬೆನ್ನ ಹಿಂದೆ ಐದು ತಿಂಗಳ ಮರಿಯೊಂದು ಇರಬಹುದು, ಹೊಟ್ಟೆಯಲ್ಲಿ ಇನ್ನೊಂದು ಮೊಳೆತಿರಬಹುದು. ಫೆಬ್ರುವರಿಯಲ್ಲಿ ಬೇಟೆಯನ್ನು ಸೀಳುವಾಗ ರೂಪು ತಳೆದ ಮರಿ ಕೈಗೆ ಸಿಗುತ್ತದೆ. ಆ ದಿನಗಳ ಬಗ್ಗೆ ಮಾತನಾಡಲು ನನ್ನ ಜೊತೆಗಾರರು ಇಷ್ಟಪಡಲಿಲ್ಲ. ಗಡಿ ದಾಟಿ ಇಂಗ್ಲೆಂಡಿಗೆ ಹೋದರೆ ಇದೇ ಪ್ರಾಣಿಯನ್ನು ಮಾರ್ಚ್ 31ರವರೆಗೂ ಹೊಡೆಯಬಹುದು.

ಅವರಿಗೆ ದಿನಾಂಕಕ್ಕಿಂತ ಮುಖ್ಯವಾದುದು ನೋಟ. ಆ ವರ್ಷ ಮರಿಯಿಲ್ಲದ ಹೆಣ್ಣನ್ನು ಅಲ್ಲಿನವರು ‘ಯೆಲ್ಡ್’ ಎನ್ನುತ್ತಾರೆ; ನಮ್ಮ ದನಕಾಯುವವರ ಬಾಯಲ್ಲಾದರೆ ಅದು ಗೊಡ್ಡು. ಹಾಲೂಡುವ ಶ್ರಮವಿಲ್ಲದ್ದರಿಂದ ಗೊಡ್ಡು ಮೈತುಂಬಿಕೊಂಡು ನುಣುಪಾಗಿರುತ್ತದೆ, ತಾಯಿಯ ಸೊಂಟದ ಎಲುಬು ಎದ್ದಿರುತ್ತದೆ. ಋತುವಿನ ಆರಂಭದಲ್ಲಿ ಗೊಡ್ಡುಗಳನ್ನು ಆರಿಸಬೇಕು. ತಾಯಿಯನ್ನು ಹೊಡೆಯಲೇಬೇಕಾದರೆ ಮರಿಯನ್ನೂ ಹೊಡೆಯಬೇಕು, ಅದೂ ಮರಿಯನ್ನೇ ಮೊದಲು. ನಾನು ಮುಖ ಸಿಂಡರಿಸಿದ್ದನ್ನು ಕಂಡು ಅವರು ಹೇಳಿದರು: “ಮೊದಲ ಗುಂಡಿಗೆ ಮರಿ ಬಿದ್ದು ತಾಯಿ ಓಡಿದರೆ, ಓಡಿದ್ದು ಬದುಕುತ್ತದೆ. ತಾಯಿ ಬಿದ್ದು ಮರಿ ಓಡಿದರೆ ನೀವು ಕೊಂದದ್ದು ಎರಡನ್ನು, ಒಂದನ್ನು ನಿಧಾನವಾಗಿ.” ಈ ಕ್ರಮವನ್ನು ಒಪ್ಪದ ಬೇಟೆಗಾರರೂ ಇದ್ದಾರೆ, ತಾಯಿ ಬಿದ್ದರೆ ಮರಿ ಅಲ್ಲೇ ಸುಳಿಯುತ್ತದೆ, ಎರಡನೆಯ ಗುಂಡಿಗೆ ಅವಕಾಶ ಸಿಗುತ್ತದೆ ಎಂಬುದು ಅವರ ವಾದ.

ಮಧ್ಯಾಹ್ನ ಒಂದರ ಸುಮಾರಿಗೆ ಹಳ್ಳದಾಚೆಯ ಇಳಿಜಾರಿನಲ್ಲಿ ಒಂಟಿಯಾಗಿ ಮೇಯುತ್ತಿದ್ದ ಹೆಣ್ಣೊಂದು ಕಾಣಿಸಿತು. ಒದ್ದೆ ಹೆದರ್ ಪೊದೆಗಳ ನಡುವೆ ಬೋರಲು ಮಲಗಿ ದುರ್ಬೀನಿನಲ್ಲಿ ಇಪ್ಪತ್ತು ನಿಮಿಷ ನೋಡಿದೆವು. ಮೈ ತುಂಬಿತ್ತು. ಒಮ್ಮೆಯೂ ತಲೆಯೆತ್ತಿ ಹಿಂದಿರುಗಿ ನೋಡಲಿಲ್ಲ, ಮರಿಯ ಸುಳಿವಿರಲಿಲ್ಲ. ಒಂದೇ ಈಡಿಗೆ ಬಿತ್ತು.

ಕರುಳು ತೆಗೆಯಲು ಮಗ್ಗುಲು ಹೊರಳಿಸಿದವರು ಮೊದಲು ಕೆಚ್ಚಲನ್ನು ಮುಟ್ಟಿ ನೋಡಿದರು. ಅದು ಅವರ ವಾಡಿಕೆ. ಬೆರಳುಗಳ ನಡುವೆ ಹಾಲು ಜಿನುಗಿತು. ಅವರು ಏನೂ ಹೇಳದೆ ಚಾಕುವನ್ನು ಒರೆಸಿಟ್ಟು, ಬಂದೂಕು ಹಿಡಿದು ಮತ್ತೆ ಅದೇ ದಿಬ್ಬದ ಮರೆಗೆ ನಡೆದರು. ಕತ್ತಲಾಗುವವರೆಗೆ ಕಾದೆವು. ನವೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಬೆಳಕು ಸೋರಿಹೋಗುತ್ತದೆ. ಮರಿ ಬರಲಿಲ್ಲ. ಬಾರದಿದ್ದುದಕ್ಕೆ ನನಗೆ ಸಮಾಧಾನವಾಯಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಇಳಿದುಬರುವ ದಾರಿಯಲ್ಲಿ, ಆ ಸಮಾಧಾನ ಮರಿಯ ಹಿತಕ್ಕೆ ಸಂಬಂಧಿಸಿದ್ದಲ್ಲ, ಅದು ಸಾಯುವುದನ್ನು ನಾನು ನೋಡಬೇಕಾಗಲಿಲ್ಲವೆಂಬ ಸ್ವಾರ್ಥದ್ದು ಎಂದು ತಿಳಿದು ನಾಚಿಕೆಯಾಯಿತು. ಐದು ತಿಂಗಳ ಮರಿ ಹುಲ್ಲು ತಿಂದು ಬದುಕಲಾರದೆಂದೇನಲ್ಲ. ಆದರೆ ಮೊದಲ ಚಳಿಗಾಲದಲ್ಲಿ ತಾಯಿಯಿಲ್ಲದ ಮರಿ ಉಳಿಯುವ ಸಾಧ್ಯತೆ ಕಡಿಮೆ. ಮರುದಿನ ಬೆಳಕು ಹರಿಯುವ ಮೊದಲೇ ಅವರು ಒಬ್ಬರೇ ಗುಡ್ಡಕ್ಕೆ ಹೋಗಿದ್ದರು. ನಾನು ರೈಲು ಹತ್ತಿದೆ.

ಆ ರೈಲು ಮಾರ್ಗದ ಕೊನೆ ಮ್ಯಾಲೆಗ್. ಅಲ್ಲಿಂದ ದೋಣಿಯಲ್ಲಿ ರಮ್ ದ್ವೀಪ. ದ್ವೀಪದ ಉತ್ತರ ತುದಿಯ ಕಿಲ್ಮೋರಿ ಕಣಿವೆಯಲ್ಲಿ 1970ರ ದಶಕದ ಆರಂಭದಿಂದ ಯಾರೂ ಜಿಂಕೆಯನ್ನು ಹೊಡೆದಿಲ್ಲ. ಸಂಶೋಧಕರು ಅಲ್ಲಿನ ಒಂದೊಂದು ಪ್ರಾಣಿಯನ್ನೂ ಗುರುತಿಟ್ಟು, ಯಾರು ಯಾರ ಮಗಳು, ಯಾವ ವರ್ಷ ಯಾವುದು ಈದಿತು ಎಂಬುದನ್ನು ತಲೆಮಾರುಗಳಿಂದ ಬರೆದಿಡುತ್ತ ಬಂದಿದ್ದಾರೆ. ರಾನಕ್‌ನಲ್ಲಿ ಊಹಿಸಬೇಕಾಗಿದ್ದುದು ಇಲ್ಲಿ ದಾಖಲೆಯಲ್ಲಿದೆ.

ಕಣಿವೆಯವರೆಗೆ ನಡೆದು, ಸಮುದ್ರದ ಕಡೆಯ ಹುಲ್ಲುಬಯಲಿನ ಅಂಚಿನಲ್ಲಿ ಕುಳಿತೆ. ಹೆಣ್ಣೊಂದು ಒಂಟಿಯಾಗಿ ಮೇಯುತ್ತಿತ್ತು; ಮೈ ತುಂಬಿದ, ಹಿಂದಿರುಗಿ ನೋಡದ ಹೆಣ್ಣು. ನಾನು ಗಡಿಯಾರ ನೋಡಿಕೊಂಡೆ. ಇಪ್ಪತ್ತು ನಿಮಿಷ ಕಳೆಯಿತು, ಅರ್ಧ ಗಂಟೆಯೂ ಕಳೆಯಿತು. ನಲವತ್ತೇಳನೆಯ ನಿಮಿಷಕ್ಕೆ ಮರಳುದಿಬ್ಬದ ಹಿಂದಿನಿಂದ ಮರಿಯೊಂದು ಅವಸರವೇನೂ ಇಲ್ಲದೆ ನಡೆದುಬಂದು, ತಾಯಿಯ ಹೊಟ್ಟೆಯಡಿಗೆ ತಲೆ ತೂರಿಸಿತು.