ಸ್ಕ್ಯಾನಲ್ಲಿ ಏನು ಬಂತು ಅಂತ ಕೇಳುವವರಿಗೆ

ನನಗೆ ಒಸಿಡಿ ಇದೆ. ಗ್ಯಾಸ್ ಆಫ್ ಆಗಿದ್ಯಾ, ಬೀಗ ಸರಿಯಾಗಿ ಬಿದ್ದಿದ್ಯಾ ಅಂತ ನೋಡಿದ್ದನ್ನೇ ನೋಡುವ ಕಾಯಿಲೆ. ಮುಚ್ಚಿಡುವ ಅಭ್ಯಾಸ ನನಗಿಲ್ಲ. ಹಾಗಾಗಿ ಸಿಕ್ಕವರೆಲ್ಲ ಕೇಳುತ್ತಾರೆ: "ಮೆದುಳು ಸ್ಕ್ಯಾನ್ ಮಾಡಿಸಿದ್ರಾ? ಏನು ಬಂತು?" ಸ್ವಾಮಿ, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು ನನ್ನ ಕಾಯಿಲೆ. ನಿಮಗೇನಾಗಿದೆ?

ಮಾಡಿಸಿಲ್ಲ. ಡಾಕ್ಟರು ಬರೆದುಕೊಡಲೂ ಇಲ್ಲ. ಸ್ಕ್ಯಾನ್ ನೋಡಿ ಒಸಿಡಿ ಅಂತ ಹೇಳಲು ಬರುವುದಿಲ್ಲ. ಎದುರು ಕೂರಿಸಿಕೊಂಡು ಮಾತಾಡಿಸಿಯೇ ಪತ್ತೆ ಮಾಡಬೇಕು.

ಈ ಉತ್ತರ ಕೊಟ್ಟು ಒಮ್ಮೆ ಸಿಕ್ಕಿಹಾಕಿಕೊಂಡೆ. ಕುವೆಂಪುನಗರದಲ್ಲಿ ಮದುವೆ ಊಟ. ಪಕ್ಕದ ಎಲೆಯಲ್ಲಿ ಮಾವ. "ಅಂದ್ರೆ ಮೆದುಳಲ್ಲಿ ಏನೂ ಇಲ್ಲ ಅಂತಾಯ್ತು. ಎಲ್ಲಾ ಮನಸ್ಸಿಂದು ಕಣಯ್ಯಾ, ಸುಮ್ನೆ ಬಿಟ್ಟಾಕು. ನಮ್ಮಮ್ಮ ಜೀವಮಾನವಿಡೀ ಮಡಿ ಮಡಿ ಅಂತಿದ್ಲು, ಅವಳಿಗೇನು ಮಾತ್ರೆ ಕೊಟ್ವಾ?" ಎದುರು ಸಾಲಿನವರು ತಲೆ ಎತ್ತಿದರು. ತುಪ್ಪ ಬಡಿಸುವವನೂ ಕೇಳಿಸಿಕೊಳ್ಳಲು ನಿಂತ.

ಮಾವ, ಅಲ್ಲಿ ಹೇಳದ್ದನ್ನು ಇಲ್ಲಿ ಹೇಳ್ತೀನಿ. ಅತ್ತೆಜ್ಜಿಯ ಮಡಿಗೆ ಒಂದು ಕೊನೆ ಇತ್ತು. ಸ್ನಾನ ಆಯಿತು, ಮಡಿ ಸೀರೆ ಉಟ್ಟರು, ಅಡುಗೆ ಆಯಿತು, ಮುಗಿಯಿತು. ಅದರಲ್ಲಿ ಅವರಿಗೆ ನಂಬಿಕೆಯೂ ಇತ್ತು. ಮತ್ತೆ ಮತ್ತೆ ನೋಡುವುದರಲ್ಲಿ ನನಗೆ ನಂಬಿಕೆಯೇ ಇಲ್ಲ. ಗ್ಯಾಸ್ ಆಫ್ ಆಗಿದೆ ಅಂತ ಚೆನ್ನಾಗಿ ಗೊತ್ತು. ಕಣ್ಣಲ್ಲಿ ನೋಡಿದ್ದೇನೆ, ಕೈಯಲ್ಲಿ ಮುಟ್ಟಿದ್ದೇನೆ. ಆದರೂ 'ಸರಿ, ಆಯ್ತು' ಅನ್ನಿಸುವುದಿಲ್ಲ.

ಇನ್ನು ಮೆದುಳಲ್ಲಿ ಏನೂ ಇಲ್ಲ ಅನ್ನುವುದೂ ಸುಳ್ಳು. ಕಣ್ಣುಗುಡ್ಡೆಗಳ ಮೇಲ್ಗಡೆ ಆರ್ಬಿಟೋಫ್ರಂಟಲ್ ಕಾರ್ಟೆಕ್ಸ್ ಅಂತ ಒಂದು ಭಾಗವಿದೆ. ಅಲ್ಲಿಂದ ಹೊರಟ ಸಂದೇಶ ಮೆದುಳಿನ ಆಳದಲ್ಲಿರುವ ಕಾಡೇಟ್ ಅನ್ನುವ ಭಾಗಕ್ಕೆ, ಮುಂದೆ ಥಾಲಮಸ್ ಅನ್ನುವ ಇನ್ನೊಂದು ಭಾಗಕ್ಕೆ ಹೋಗಿ, ಮತ್ತೆ ವಾಪಸ್ ಮೇಲಕ್ಕೆ ಬರುತ್ತದೆ. ಒಸಿಡಿ ಇರುವವರಲ್ಲಿ ಈ ಸುತ್ತಿನ ಕೆಲಸ ಜಾಸ್ತಿ. 1987ರಲ್ಲೇ ಲಾಸ್ ಏಂಜಲೀಸ್‌ನ ಲೂಯಿಸ್ ಬ್ಯಾಕ್ಸ್‌ಟರ್ ತಂಡ ಪೆಟ್ ಸ್ಕ್ಯಾನ್‌ನಲ್ಲಿ ಇದನ್ನು ನೋಡಿತ್ತು: ಕಣ್ಣಿನ ಮೇಲಿನ ಆ ಭಾಗ ಮತ್ತು ಕಾಡೇಟ್ ಹೆಚ್ಚು ಗ್ಲೂಕೋಸ್ ಬಳಸುತ್ತಿದ್ದವು. (ಮಂಡ್ಯದ ಭಾವಂದಿರೇ, ಸಕ್ಕರೆ ಜೋಕು ಈಗಾಗಲೇ ಕೇಳಿದ್ದೇನೆ.) ಏನೋ ತಪ್ಪಾಯಿತು ಅಂದಾಗ ಮೆದುಳಲ್ಲಿ ಏಳುವ ವಿದ್ಯುತ್ ಅಲೆಯೂ ನಮ್ಮಂಥವರಲ್ಲಿ ದೊಡ್ಡದು. 2017ರಲ್ಲಿ ಹಲವು ದೇಶಗಳ ಎಂಆರ್‌ಐಗಳನ್ನು ಒಟ್ಟು ಮಾಡಿ ನೋಡಿದಾಗ, ಒಸಿಡಿ ಇರುವ ದೊಡ್ಡವರಲ್ಲಿ ಮೆದುಳೊಳಗಿನ ಹಿಪೊಕ್ಯಾಂಪಸ್ ಅನ್ನುವ ಭಾಗ ಸ್ವಲ್ಪ ಚಿಕ್ಕದು, ಪ್ಯಾಲಿಡಮ್ ಅನ್ನುವ ಭಾಗ ಸ್ವಲ್ಪ ದೊಡ್ಡದು ಅಂತ ಕಂಡಿತು.

ಆದರೆ ಇದೆಲ್ಲ ಗುಂಪಿನ ಸರಾಸರಿ. ಗಂಡಸರು ಸರಾಸರಿಯಲ್ಲಿ ಹೆಂಗಸರಿಗಿಂತ ಎತ್ತರ. ಹಾಗಂತ ಬರೀ ಎತ್ತರ ಅಳೆದು ಗಂಡೋ ಹೆಣ್ಣೋ ಹೇಳ್ತೀರಾ? ಇದೂ ಅಷ್ಟೇ.

ಮಾವನಿಗೆ ನಿಜವಾಗಿ ಬೇಕಾದ ಸುದ್ದಿ 1992ರದ್ದು. ಅದೇ ಬ್ಯಾಕ್ಸ್‌ಟರ್ ತಂಡ ಕೆಲವರಿಗೆ ಫ್ಲೂಯಾಕ್ಸೆಟಿನ್ ಮಾತ್ರೆ ಕೊಟ್ಟಿತು, ಕೆಲವರಿಗೆ ಮಾತ್ರೆಯಿಲ್ಲದೆ ಬಿಹೇವಿಯರ್ ಥೆರಪಿ. ಎರಡೂ ಕಡೆ, ಗುಣ ಕಂಡವರ ಕಾಡೇಟ್‌ನ ಅಬ್ಬರ ಇಳಿದಿತ್ತು. ಥೆರಪಿಯಲ್ಲಿ ಮಾಡುವುದು ಇಷ್ಟೇ: ಭಯ ಬರಲಿ, ಆದರೆ ಎದ್ದುಹೋಗಿ ನೋಡಬೇಡ. ಈಗ ಹೇಳಿ, ಇದು ಮನಸ್ಸಿಂದೋ ಮೆದುಳಿಂದೋ?

ಇಷ್ಟು ಜನರಲ್ಲಿ ಒಬ್ಬರಾದರೂ ಬೇರೆ ಪ್ರಶ್ನೆ ಕೇಳಬಾರದಾ? "ಗ್ಯಾಸ್ ಆಫ್ ಆಗಿದ್ಯಾ ಅಂತ ನೀನು ಕೇಳಿದಾಗ ನಾವೇನು ಹೇಳ್ಬೇಕು?" ಯಾರೂ ಕೇಳಿಲ್ಲ. ಪ್ರೀತಿಯಿಂದ "ಆಗಿದೆ ಕಣೋ" ಅಂದುಬಿಡುತ್ತಾರೆ. ಒಂದು ಕ್ಷಣ ಹಾಯೆನಿಸುತ್ತದೆ. ಆಮೇಲೆ, ಅವರು ಸರಿಯಾಗಿ ನೋಡಿದ್ರಾ? ಮತ್ತೆ ಕೇಳುತ್ತೇನೆ. ನಿಮ್ಮ ಸಮಾಧಾನವೂ ಆ ಸುತ್ತಿಗೇ ಸೇರಿಹೋಗುತ್ತದೆ.

ಅದಕ್ಕೇ ಥೆರಪಿಸ್ಟ್ ಮುಂದೆ ಕೂತು ನಾನೂ ನನ್ನ ಹೆಂಡತಿಯೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ನಾನು ಕೇಳಿದರೆ ಅವಳು ಉತ್ತರ ಕೊಡುವುದಿಲ್ಲ. ಬೈಯುವುದೂ ಇಲ್ಲ. "ಇದು ಒಸಿಡಿ ಕೇಳ್ತಿರೋದು ರೀ" ಅಂತಾಳೆ, ಅಷ್ಟೇ. ಅವಳು ಹೀಗೆ ಉತ್ತರ ಕೊಡದ ದಿನ, ಮೈಸೂರಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಶ್ರೀರಂಗಪಟ್ಟಣದ ತನಕ ನನಗೆ ಎದೆ ಡವಡವ. ಪಾಂಡವಪುರದಲ್ಲಿ ಅವಳ ಮೇಲೆ ಸಿಟ್ಟು. ಮಂಡ್ಯದಲ್ಲಿ ಮಾತು ಬಿಟ್ಟಿರುತ್ತೇನೆ. ಮದ್ದೂರಲ್ಲಿ ವಡೆ ಬಂದರೆ ಇಬ್ಬರಿಗೂ ತಗೋತೀನಿ.