ಯಾವ ಲಿನಕ್ಸ್ ಅಂತ ಕೇಳುವ ಮೊದಲು ಪ್ರಿಂಟರ್ ನೋಡಿ

"ಯಾವ ಲಿನಕ್ಸ್ ಚಲೋ ಐತ್ರಿ?" ಗಂಗಾವತಿಯ ರೈಸ್ ಮಿಲ್ ಆಫೀಸು, ರಾಯಚೂರಿನ ಅಡತಿ ಅಂಗಡಿ, ಬಳ್ಳಾರಿಯ ಝೆರಾಕ್ಸ್ ಅಂಗಡಿ, ಎಲ್ಲ ಕಡೆ ಈಗ ಇದೇ ಪ್ರಶ್ನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಹಳೆಯ ಡೆಸ್ಕ್‌ಟಾಪನ್ನು ವಿಂಡೋಸ್ 11 ಒಪ್ಪುವುದಿಲ್ಲ. ಯಂತ್ರ ಮಾತ್ರ ಇನ್ನೂ ಗಟ್ಟಿಯಾಗಿದೆ. ಅದಕ್ಕೇ ವಿಂಡೋಸ್ ಬದಲು ಲಿನಕ್ಸ್ ಹಾಕುವ ಯೋಚನೆ. ಲಿನಕ್ಸ್‌ನಲ್ಲಿ ಹಲವು ಬಗೆ, ಒಂದೊಂದು ಬಗೆಗೂ ಡಿಸ್ಟ್ರೋ ಎನ್ನುತ್ತಾರೆ. ಇಂಥಲ್ಲಿ ಡಿಸ್ಟ್ರೋ ಹೆಸರು ಹೇಳುವ ಮುಂಚೆ ಮೇಜಿನ ಮೇಲಿರುವ ಪ್ರಿಂಟರ್ ನೋಡಬೇಕು. ಸ್ಕ್ರೀನಿನ ಅಂದಚಂದ ಎರಡು ದಿನಕ್ಕೆ ರೂಢಿಯಾಗುತ್ತದೆ. ಬಿಲ್ ಪ್ರಿಂಟ್ ಆಗದಿದ್ದರೆ ಮೂರನೆಯ ದಿನಕ್ಕೆ ಹಳೆಯ ವಿಂಡೋಸೇ ವಾಪಸ್ ಬಂದಿರುತ್ತದೆ.

ನಮ್ಮ ಕಡೆಯ ಆಫೀಸುಗಳಲ್ಲಿ ಎಚ್‌ಪಿ ಲೇಸರ್‌ಜೆಟ್ 1020 ಇನ್ನೂ ಬಹಳ ಕಾಣುತ್ತದೆ. ಈ ಪ್ರಿಂಟರ್ ತನ್ನ ಫರ್ಮ್‌ವೇರನ್ನು (ತನ್ನನ್ನು ನಡೆಸುವ ಒಳ ತಂತ್ರಾಂಶವನ್ನು) ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ ಕಳಿಸಿಕೊಡಬೇಕು. ಲಿನಕ್ಸ್‌ನಲ್ಲಿ ಆ ಕೆಲಸಕ್ಕೆ ಎಚ್‌ಪಿಲಿಪ್ ಎಂಬ ತಂತ್ರಾಂಶದ ಜೊತೆಗೆ ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುವ ಒಂದು ಪ್ಲಗಿನ್ ಬೇಕು. ಪ್ಲಗಿನ್ ಹಾಕದಿದ್ದರೆ ಕ್ಯೂನಲ್ಲಿ ಕೆಲಸ ಕಾಣಿಸುತ್ತದೆ, ಕಾಗದ ಹೊರಬರುವುದಿಲ್ಲ. ಮುಖ್ಯ ಸಂಗತಿ ಏನೆಂದರೆ ಎಚ್‌ಪಿಲಿಪ್ ಮತ್ತು ಪ್ಲಗಿನ್ ಎರಡರ ಆವೃತ್ತಿ ಒಂದೇ ಇರಬೇಕು. ಆರ್ಚ್‌ನಂಥ ರೋಲಿಂಗ್ (ತಂತ್ರಾಂಶ ಸದಾ ಹೊಸದಾಗುತ್ತಲೇ ಇರುವ) ಡಿಸ್ಟ್ರೋದಲ್ಲಿ ಎಚ್‌ಪಿಲಿಪ್ ಹೊಸದಾದ ದಿನ ಹಳೆಯ ಪ್ಲಗಿನ್ ಹೊಂದದೆ ಪ್ರಿಂಟರ್ ಸುಮ್ಮನಾಗುತ್ತದೆ, ಮತ್ತೆ ಪ್ಲಗಿನ್ ಇಳಿಸಬೇಕು. ಫೆಡೋರಾದಲ್ಲಿ ಆರು ತಿಂಗಳಿಗೊಂದು ಆವೃತ್ತಿ, ಒಂದೊಂದಕ್ಕೂ ಬೆಂಬಲ ಸುಮಾರು 13 ತಿಂಗಳು. ಮನೆಯಲ್ಲಿ ಕಲಿಯುವವರಿಗೆ ಎರಡೂ ಒಳ್ಳೆಯವೇ. ಬಿಲ್ಲಿಂಗ್ ಮೇಜಿಗೆ ಬೇಡ. ಉಬುಂಟು 24.04 ಎಲ್‌ಟಿಎಸ್ (ದೀರ್ಘಕಾಲ ಬೆಂಬಲದ ಆವೃತ್ತಿ), ಅದರ ಮೇಲೆ ನಿಂತ ಲಿನಕ್ಸ್ ಮಿಂಟ್ 22, ಇಲ್ಲವೇ ಡೆಬಿಯನ್ 13: ಇವುಗಳಲ್ಲಿ ಒಂದನ್ನು ಹಾಕಿದರೆ ಎಚ್‌ಪಿಲಿಪ್ ವರ್ಷಗಟ್ಟಲೆ ಅದೇ ಆವೃತ್ತಿಯಲ್ಲಿ ನಿಲ್ಲುತ್ತದೆ. ಮಿಂಟ್ 22ಕ್ಕೆ 2029ರವರೆಗೆ ಬೆಂಬಲ ಇದೆ. ಕೌಂಟರಿನಲ್ಲಿ ಕೂರುವವರು ವಿಂಡೋಸ್ 7 ಅಥವಾ 10 ಬಳಸಿ ರೂಢಿಯಿದ್ದವರಾದರೆ ಮಿಂಟ್ ಅವರ ಕೈಗೆ ಬೇಗ ಹೊಂದುತ್ತದೆ.

ಕ್ಯಾನನ್ ಎಲ್‌ಬಿಪಿ 2900 ಇದ್ದರೆ ಕಷ್ಟ. ಅದಕ್ಕೆ ಕ್ಯಾಪ್ಟ್ ಎಂಬ ಕಂಪನಿಯದೇ ಭಾಷೆ ಬಿಟ್ಟರೆ ಬೇರೆ ತಿಳಿಯದು. ಲಿನಕ್ಸ್ ಡ್ರೈವರ್ ಇದೆ, ಆದರೆ ಹಳೆಯದು, 32-ಬಿಟ್ ಲೈಬ್ರರಿ ಕೇಳುತ್ತದೆ, ಹಿನ್ನೆಲೆಯಲ್ಲಿ ಓಡುವ ಅದರ ಸೇವೆ ಆಗಾಗ ನಿಂತುಹೋಗುತ್ತದೆ. ದಿನಕ್ಕೆ ನೂರು ಪ್ರತಿ ತೆಗೆಯುವ ಅಂಗಡಿಯಾದರೆ ಆ ಕಂಪ್ಯೂಟರನ್ನು ಹಾಗೇ ಬಿಡುವುದು ವಾಸಿ. ಮಿಲ್‌ಗಳ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳು ಇದಕ್ಕಿಂತ ಸುಲಭ. ಬಹುಪಾಲು ಮಾದರಿಗಳು ಎಪ್ಸನ್ ಆಜ್ಞೆಗಳನ್ನು ಅರ್ಥಮಾಡಿಕೊಳ್ಳುತ್ತವೆ, ಆದ್ದರಿಂದ ಲಿನಕ್ಸ್‌ನ ಪ್ರಿಂಟಿಂಗ್ ವ್ಯವಸ್ಥೆಯಾದ ಕಪ್ಸ್‌ನಲ್ಲಿ "ಎಪ್ಸನ್ 9-ಪಿನ್" ಆರಿಸಿದರೆ ಸಾಕು. ಹಾಗೆ ಮಾಡಿದಾಗ ಇಡೀ ಚೀಟಿ ಚಿತ್ರವಾಗಿ ಅಚ್ಚಾಗುವುದರಿಂದ ನಿಧಾನ. ಇಂಗ್ಲಿಷ್ ಅಂಕಿ-ಅಕ್ಷರವಷ್ಟೇ ಇದ್ದರೆ ರಾ ಕ್ಯೂ (ಚಿತ್ರವಾಗಿಸದೆ ಅಕ್ಷರಗಳನ್ನೇ ನೇರ ಕಳಿಸುವ ಸಾಲು) ಮೂಲಕ ಕಳಿಸಿ, ಸರಸರ ಬರುತ್ತದೆ. ರಾ ಕ್ಯೂನಲ್ಲಿ ಕನ್ನಡ ಬರುವುದಿಲ್ಲ. ಪ್ರಿಂಟರಿನೊಳಗೆ ಕನ್ನಡ ಅಕ್ಷರಗಳೇ ಇಲ್ಲ.

ಪ್ರಿಂಟರ್ ಆದಮೇಲೆ ಕನ್ನಡ ಫೈಲುಗಳು. ಯುನಿಕೋಡ್‌ನಲ್ಲಿ ಟೈಪ್ ಮಾಡಿದವು ಯಾವ ಡಿಸ್ಟ್ರೋದಲ್ಲೂ ತೆರೆಯುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕಾಗದಪತ್ರಗಳ ಒಳಗಿರುವುದು ಇಂಗ್ಲಿಷ್ ಸಂಕೇತಗಳು, ಮೇಲೆ ಕನ್ನಡದ ಅಂಗಿ ಅಷ್ಟೇ. ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಅಳಿಸುವ ಮುಂಚೆ ಅಲ್ಲಿನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಟಿಟಿಎಫ್ ಫೈಲುಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಳ್ಳಿ. ಮರೆತರೆ ಹತ್ತು ವರ್ಷದ ಕಾಗದಪತ್ರ ಓದಲಾಗದೆ ಕೂರುತ್ತದೆ. ಲಿನಕ್ಸ್‌ನಲ್ಲಿ ಆ ಫಾಂಟ್ ಹಾಕಿದರೆ ಓದಬಹುದು, ಪ್ರಿಂಟ್ ತೆಗೆಯಬಹುದು, ಆದರೆ ಕನ್ನಡ ಪದ ಹಾಕಿ ಹುಡುಕಿದರೆ ಸಿಗುವುದಿಲ್ಲ. ದಿನನಿತ್ಯ ಬೇಕಾದವನ್ನು ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಹೊಸದಾಗಿ ಟೈಪ್ ಮಾಡಲು ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸ ಆರಿಸಿ. ನುಡಿಯಲ್ಲಿ ಓಡಿದ ಬೆರಳು ಅಲ್ಲೂ ಓಡುತ್ತದೆ.

ಯಂತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 4 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಇದ್ದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾಗಿ ಓಡುತ್ತದೆ, 8 ಜಿಬಿ ಇದ್ದರೆ ಸಿನಮನ್. ಹಾರ್ಡ್‌ಡಿಸ್ಕ್ ಹಾಗೇ ಇಟ್ಟು ಡಿಸ್ಟ್ರೋ ಮೇಲೆ ಡಿಸ್ಟ್ರೋ ಬದಲಿಸುತ್ತ ಹೋದರೆ ವೇಗ ಬರುವುದಿಲ್ಲ. ಮಿಲ್ಲಿನ ಹೊಟ್ಟಿನ ದೂಳು, ಸಂಡೂರು ಕಡೆಯ ಕೆಂಪು ದೂಳು ಫ್ಯಾನಿಗೆ ಕಟ್ಟಿಕೊಂಡು ಬೇಸಿಗೆಯಲ್ಲಿ ಪ್ರೊಸೆಸರ್ ಬಿಸಿಯಾಗಿ ತಾನೇ ನಿಧಾನವಾದರೂ ಬೈಗುಳ ಬೀಳುವುದು ಲಿನಕ್ಸ್‌ಗೆ. ಇನ್‌ಸ್ಟಾಲ್ ಮಾಡುವ ದಿನವೇ ಕ್ಯಾಬಿನೆಟ್ ಬಿಚ್ಚಿ ಬ್ಲೋವರ್ ಹೊಡೆಯಿರಿ. ಹಾಗೆಯೇ ಮದರ್‌ಬೋರ್ಡಿನ ಸಿಆರ್ 2032 ಸೆಲ್ ಬದಲಿಸಿ. ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರ ವರ್ಷಗಳ ಹಿಂದಕ್ಕೆ ಜಾರುತ್ತದೆ. ಆಗ ಬ್ಯಾಂಕಿನ ಪುಟವೂ ತೆರೆಯದು, ಅಪ್‌ಡೇಟೂ ಆಗದು, ಇಂಟರ್‌ನೆಟ್ಟೇ ಕೆಟ್ಟಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ.

ಅಪ್‌ಡೇಟ್ ನಡುವೆ ಕರೆಂಟ್ ಹೋಗುವುದು ಇನ್ನೊಂದು ತಾಪತ್ರಯ. ಮಿಂಟ್, ಉಬುಂಟು, ಡೆಬಿಯನ್ ಮೂರರಲ್ಲೂ "sudo dpkg --configure -a" ಕೊಟ್ಟರೆ ಅರ್ಧಕ್ಕೆ ನಿಂತದ್ದು ಸಾಮಾನ್ಯವಾಗಿ ಪೂರ್ತಿಯಾಗುತ್ತದೆ. ಸ್ಕ್ರೀನ್ ತನಕ ಬರದೇ ಹೋದರೆ ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಿಂದಿನ ಕರ್ನಲ್ (ಲಿನಕ್ಸ್‌ನ ತಿರುಳು) ಆರಿಸಿ ಒಳಗೆ ಹೋಗಿ, ಆಮೇಲೆ ಅದೇ ಆಜ್ಞೆ ಕೊಡಿ. ಲಿಬ್ರೆಆಫೀಸ್ ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಉಳಿಸುತ್ತದೆ, ಅದನ್ನು ಎರಡು ನಿಮಿಷಕ್ಕೆ ಇಳಿಸಿ. ಸಿಸ್ಟಮನ್ನು ಹಿಂದಿನ ಸ್ಥಿತಿಗೆ ತರುವ ಟೈಮ್‌ಶಿಫ್ಟ್ ಇದೆಯೆಂದು ನೆಚ್ಚಿ ಕೂರಬೇಡಿ. ಅದು ಕಾಯುವುದು ಸಿಸ್ಟಮ್ ಫೈಲುಗಳನ್ನು. ಲೆಕ್ಕಪತ್ರ ಇರುವ ಹೋಮ್ ಫೋಲ್ಡರನ್ನು ನೀವೇ ಬೇರೆ ಡಿಸ್ಕಿಗೆ ನಕಲು ಮಾಡಬೇಕು.

ಒಂದೇ ಕಡೆ ಐದಾರು ಕಂಪ್ಯೂಟರ್ ಇದ್ದರೆ ಎಲ್ಲಕ್ಕೂ ಒಂದೇ ಡಿಸ್ಟ್ರೋ, ಒಂದೇ ಆವೃತ್ತಿ ಹಾಕಿ. ಒಂದರಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ (apt-cacher-ng) ಎಂಬ ತಂತ್ರಾಂಶ ಹಾಕಿದರೆ ಅಪ್‌ಡೇಟ್ ಒಮ್ಮೆ ಮಾತ್ರ ಹೊರಗಿನಿಂದ ಇಳಿಯುತ್ತದೆ, ಉಳಿದವು ಅದರಿಂದಲೇ 3142ನೇ ಪೋರ್ಟಿನಲ್ಲಿ ತೆಗೆದುಕೊಳ್ಳುತ್ತವೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ನಡೆಯುವ ಆಫೀಸಿಗೆ ಇದು ದೊಡ್ಡ ಉಳಿತಾಯ. ಒಂದರಲ್ಲಿ ಮಿಂಟ್, ಇನ್ನೊಂದರಲ್ಲಿ ಫೆಡೋರಾ ಇದ್ದರೆ ಈ ಲಾಭ ಹೋಯಿತು.

ಟ್ಯಾಲಿ ಇರುವುದು, ಕೋರಲ್‌ಡ್ರಾದಲ್ಲಿ ಫ್ಲೆಕ್ಸ್ ಮಾಡುವುದು, ವೇಬ್ರಿಡ್ಜ್ ತಂತ್ರಾಂಶ ಓಡುವುದು, ಬೆರಳಚ್ಚು ಸಾಧನ ಜೋಡಿಸಿದ್ದು: ಈ ಯಂತ್ರಗಳನ್ನು ಮುಟ್ಟಬೇಡಿ. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್‌ನಲ್ಲಿ ಇವತ್ತು ಓಡಿದ್ದು ತೆರಿಗೆ ಕಟ್ಟುವ ಕಡೆಯ ದಿನ ನಿಂತರೆ ಉತ್ತರ ಹೇಳಲು ಯಾರೂ ಇರುವುದಿಲ್ಲ. ಉಳಿದವುಗಳಲ್ಲೂ ಮೊದಲು ಪೆನ್‌ಡ್ರೈವಿನಿಂದ ಲೈವ್ ಆಗಿ (ಇನ್‌ಸ್ಟಾಲ್ ಮಾಡದೆ) ಓಡಿಸಿ, ಒಂದು ಬಿಲ್ ಪ್ರಿಂಟ್ ತೆಗೆದು, ವೈಫೈ ಹಿಡಿಯುತ್ತದೆಯೇ ನೋಡಿ. ಹಿಡಿಯದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಡ್ರೈವರ್ ಇಳಿಸಿಕೊಳ್ಳಲು ದಾರಿಯಾಗುತ್ತದೆ. ವಿಂಡೋಸ್ ಜೊತೆಗೇ ಇಡುವುದಾದರೆ ಅದರ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ಡಿ ಡ್ರೈವ್ ಲಿನಕ್ಸ್‌ನಲ್ಲಿ ಓದಲಷ್ಟೇ ಸಿಗುತ್ತದೆ, ಬರೆಯಲು ಬಿಡುವುದಿಲ್ಲ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ 48 ಅಂಕಿಯದು. ಪಾರ್ಟಿಷನ್ ಮುಟ್ಟುವ ಮೊದಲು ಅದನ್ನು ಕಾಗದದ ಮೇಲೆ ಬರೆದು ಮಾಲೀಕರ ಕೈಗೆ ಕೊಡಿ.