ಪೈಲಟ್ ಸರಿ, ಐದನೇ ಎಪಿಸೋಡ್ ಎಲ್ಲಿ?

ಸೀರೀಸ್ ಪಿಚ್, ಅಂದರೆ ಸರಣಿಯ ಕಥೆಯನ್ನು ಕೊಳ್ಳುವವರ ಮುಂದೆ ಹೇಳಿ ಒಪ್ಪಿಸುವ ಮೀಟಿಂಗ್, ಕೆಡುವುದು ಬಹುತೇಕ 10ನೇ ನಿಮಿಷಕ್ಕೆ. ಸಿಕ್ಕಿರುವುದೇ 20 ನಿಮಿಷ, ಬರಹಗಾರರು ಮಾತ್ರ ಇನ್ನೂ ಪೈಲಟ್‌ನ (ಮೊದಲ ಎಪಿಸೋಡ್‌ನ) ಮೂರನೇ ಸೀನ್ ವರ್ಣಿಸುತ್ತಿರುತ್ತಾರೆ. ಕೇಳುವವರು ಮಗುಚಿಟ್ಟ ಫೋನ್‌ಗಳು ಒಂದೊಂದಾಗಿ ಮೇಲ್ಮುಖವಾಗುತ್ತವೆ. ಆಗ ಬರುತ್ತದೆ ಪ್ರಶ್ನೆ: "ಐದನೇ ಎಪಿಸೋಡಲ್ಲಿ ಏನಾಗುತ್ತೆ?" ಅಲ್ಲೇ ಹೊಸೆದು ಹೇಳಿದರೆ ಸಿಕ್ಕಿಬೀಳುತ್ತೀರಿ. ದಿನವಿಡೀ ಪಿಚ್ ಕೇಳುವ ಕಿವಿಗಳವು.

ಅವರು ಹುಡುಕುವುದು ಎಂಜಿನ್, ಅಂದರೆ ಎಪಿಸೋಡ್ ಮೇಲೆ ಎಪಿಸೋಡ್ ಕಥೆ ಹುಟ್ಟಿಸುವ ಸನ್ನಿವೇಶ. "ಅಪ್ಪ ತೀರಿಕೊಂಡ ಮೇಲೆ ಸಾಲದ ಲಾಡ್ಜ್ ಮಾರಲು ಮಗಳು ಊರಿಗೆ ಬರುತ್ತಾಳೆ" ಅಂದರೆ ಸಿನಿಮಾ. ಮಾರಿದ ದಿನ ಕಥೆ ಮುಗಿಯಿತು. "ಸಾಲ ತೀರುವ ತನಕ ಲಾಡ್ಜ್ ನಡೆಸಲೇಬೇಕು, ಅಪ್ಪನಿಗೆ ಮೋಸ ಮಾಡಿದ ಪಾಲುದಾರನೇ ಮ್ಯಾನೇಜರ್" ಅನ್ನಿ: ವಾರಕ್ಕೊಬ್ಬ ಹೊಸ ಗಿರಾಕಿ, ಸೀಸನ್ ಉದ್ದಕ್ಕೂ ಸಾಲದ ಲೆಕ್ಕ, ಕೌಂಟರ್ ಹಿಂದೆ ಆರದ ಜಗಳ. ಪಿಚ್‌ಗೆ ಮೊದಲು ಪೈಲಟ್ ಬಿಟ್ಟು ಆರೇಳು ಎಪಿಸೋಡ್‌ಗಳನ್ನು ಒಂದೊಂದು ಸಾಲಲ್ಲಿ ಬರೆದು ನೋಡಿ. ಮೂರಕ್ಕೇ ನಿಂತರೆ ಅದನ್ನು ಸಿನಿಮಾ ಆಗಿಯೇ ಬರೆಯಿರಿ, ಎಳೆಯಬೇಡಿ.

ಸಮಯ ಹಂಚಿಕೆ ಹೀಗಿದ್ದರೆ ಸಾಕು: ಲಾಗ್‌ಲೈನ್ (ಒಂದೆರಡು ಸಾಲಲ್ಲಿ ಕಥೆ) ಮತ್ತು ಟೋನ್‌ಗೆ (ಕಥೆಯ ಧಾಟಿಗೆ) 2 ನಿಮಿಷ, ಮುಖ್ಯ ಪಾತ್ರಗಳಿಗೆ 5, ಪೈಲಟ್‌ಗೆ 4, ಸೀಸನ್ ಆರ್ಕ್‌ಗೆ (ಸೀಸನ್ ಉದ್ದಕ್ಕೂ ಸಾಗುವ ಕಥೆಗೆ) 3. ಉಳಿದದ್ದು ಪ್ರಶ್ನೆಗಳಿಗೆ. ಪಾತ್ರ ಅಂದರೆ ವಯಸ್ಸು, ಉಡುಪು ಅಲ್ಲ. ಅವಳಿಗೆ ಏನು ಬೇಕು, ಅದನ್ನು ಅವಳೇ ಹೇಗೆ ಕೆಡಿಸಿಕೊಳ್ಳುತ್ತಾಳೆ ಅನ್ನುವುದು. ಕೊನೆಯ ಎಪಿಸೋಡ್ "ಸಸ್ಪೆನ್ಸ್" ಅಂತ ಮುಚ್ಚಿಡಬೇಡಿ. ಕೊಳ್ಳುವವರ ಹತ್ತಿರ ಎಂಥ ಸಸ್ಪೆನ್ಸು?

ಡೆಕ್, ಅಂದರೆ ಪಿಚ್‌ನಲ್ಲಿ ತೋರಿಸುವ ಸ್ಲೈಡ್‌ಗಳ ಕಟ್ಟು, 12 ಸ್ಲೈಡ್ ದಾಟದಿರಲಿ. ಸ್ಲೈಡ್ ತುಂಬ ಅಕ್ಷರ ತುಂಬಿದರೆ ಅವರು ಓದುತ್ತಾರೆ, ನಿಮ್ಮನ್ನು ಕೇಳುವುದಿಲ್ಲ. ವಿಡಿಯೊ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಕೈಕೊಡುವುದು ಇದ್ದದ್ದೇ. ಡೆಕ್ ಇಲ್ಲದೆಯೂ ಹೇಳಲು ಬರಬೇಕು.

ಬೈಬಲ್ (ಸೀರೀಸ್‌ನ ಪಾತ್ರ, ಕಥೆ, ಎಪಿಸೋಡ್‌ಗಳ ವಿವರ ಬರೆದ ದಾಖಲೆ) 10 ಪುಟದ ಆಸುಪಾಸು, ಒಂದು ಗಂಟೆಯ ಪೈಲಟ್‌ನ ಸ್ಕ್ರಿಪ್ಟ್ 50ರಿಂದ 60 ಪುಟ. ಅವರು ಕೇಳಿದ ಮೇಲೆ ಕಳಿಸಿ, ತಾರೀಖು ಉಳಿಯುವಂತೆ ಇಮೇಲ್‌ನಲ್ಲೇ. ಬರೀ ಐಡಿಯಾಗೆ ಕಾಪಿರೈಟ್ ಇಲ್ಲ, ಬರೆದದ್ದಕ್ಕೆ ಉಂಟು.

ಇನ್ನು ನೋಟ್ಸ್, ಅಂದರೆ ಪಿಚ್ ಕೇಳಿ ಅವರು ಹೇಳುವ ಅಭಿಪ್ರಾಯ. "ನಾಯಕಿ ಇಷ್ಟ ಆಗ್ತಿಲ್ಲ" ಅಂದರೆ ಸಾಮಾನ್ಯವಾಗಿ ಅವಳಿಗೇನು ಬೇಕೆಂದು ಕೇಳುವವರಿಗೆ ತಿಳಿದಿಲ್ಲ ಎಂದರ್ಥ. ಅವಳನ್ನು ನಗಿಸಿ ಪ್ರಯೋಜನವಿಲ್ಲ, ಮೊದಲ ಸೀನ್‌ನಲ್ಲೇ ಆ ಬೇಡಿಕೆ ಕಾಣಿಸಬೇಕು. "ತುಂಬಾ ಚೆನ್ನಾಗಿದೆ" ಅಂದು ಮುಂದಿನ ಮೀಟಿಂಗ್‌ನ ದಿನ ಹೇಳದಿದ್ದರೆ ಅದು ಪಾಸ್, ಅಂದರೆ ನಿಮ್ಮ ಕಥೆ ಅವರಿಗೆ ಬೇಡ. ಅದಕ್ಕಿಂತ ಕೆಟ್ಟದ್ದು "ಸಣ್ಣ ಬದಲಾವಣೆ ಮಾಡಿ ಕಳಿಸಿ". ಒಂದು ಪುಟ ತಿದ್ದಿಕೊಡಿ, ಪರವಾಗಿಲ್ಲ. ಇಡೀ ಬೈಬಲ್ ಬದಲಿಸಿ ಅಂದರೆ ಮೊದಲು ಆಪ್ಷನ್ (ಕಥೆಯ ಹಕ್ಕನ್ನು ಕೆಲಕಾಲ ಕಾಯ್ದಿರಿಸಲು ಕೊಡುವ ಹಣ) ಇಲ್ಲವೇ ಡೆವಲಪ್‌ಮೆಂಟ್ ಫೀಸ್‌ನ (ಬರೆದು ಬೆಳೆಸುವ ಕೆಲಸದ ಸಂಭಾವನೆಯ) ಮಾತೆತ್ತಿ. ಎಷ್ಟೋ ಸಲ ಆ ಬದಲಾವಣೆ ಅಲ್ಲಿಗೇ ಅನಗತ್ಯವಾಗಿಬಿಡುತ್ತದೆ.